ತೋಟದ ಆಚೆಗಿನ ದಾರಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳಲ್ಲಿ ನಾಲ್ಕೆಕರೆ ಅಡಿಕೆ ತೋಟವಿದ್ದ ಮನೆಯ ಹುಡುಗನಿಗೆ ಮುಂದೇನು ಮಾಡಬೇಕೆಂಬ ಪ್ರಶ್ನೆ ಒಂದು ಕಾಲದಲ್ಲಿ ಉದ್ಭವಿಸುತ್ತಲೇ ಇರಲಿಲ್ಲ. ತೋಟವೇ ಅವನ ಪಾಠಶಾಲೆಯೂ ಉದ್ಯೋಗವೂ ವೃದ್ಧಾಪ್ಯದ ಆಸರೆಯೂ ಆಗಿದ್ದಿತು. ಅವನಿಗಾಗಿ ಯೋಜನೆ ಹಾಕಿದವನು ಆ ತೋಟವನ್ನು ನೆಟ್ಟ ಅಜ್ಜ. ಹುಡುಗಿಯರ ವಿಷಯದಲ್ಲಿಯಂತೂ ಪ್ರಶ್ನೆಯನ್ನು ಕೇಳುವ ಕ್ರಮವೇ ಇರಲಿಲ್ಲವೆಂಬುದನ್ನು ಮುಚ್ಚಿಡಬೇಕಾದುದಿಲ್ಲ. ಈಗ ಆ ಯೋಜನೆ ಕುಸಿದಿದೆ. ಹೊರಸುತ್ತಿನ ಸೋಗೆಗಳು ತುದಿಯಿಂದ ಹಳದಿಯಾಗುತ್ತ ಬಂದು, ಕಾಯಿಯ ತಿರುಳು ಕಪ್ಪಾಗಿ, ವರ್ಷದಿಂದ ವರ್ಷಕ್ಕೆ ಫಸಲು ಕ್ಷೀಣಿಸುವ ಹಳದಿ ಎಲೆ ರೋಗವು ಈ ಸೀಮೆಯ ಅನೇಕ ತೋಟಗಳನ್ನು ಬರಿದುಮಾಡಿದೆ. ಫೈಟೋಪ್ಲಾಸ್ಮಾ ಎಂಬ ಅತಿಸೂಕ್ಷ್ಮ ಜೀವಿ ಇದಕ್ಕೆ ಕಾರಣವೆಂದು ವಿಜ್ಞಾನಿಗಳು ಹೇಳುತ್ತಾರಾದರೂ ರೋಗವನ್ನು ಗುಣಪಡಿಸುವ ಔಷಧ ಇನ್ನೂ ದೊರೆತಿಲ್ಲ. ಆದುದರಿಂದ ಹಿಂದೆ ತೋಟವು ತಾನಾಗಿಯೇ ಒದಗಿಸುತ್ತಿದ್ದ ಉತ್ತರವನ್ನು ಇಂದಿನ ತರುಣ ತರುಣಿಯರು ಸ್ವಂತ ವಿವೇಚನೆಯಿಂದ ರಚಿಸಿಕೊಳ್ಳಬೇಕಾಗಿದೆ.

ರಚಿಸಿಕೊಳ್ಳುವ ಕ್ರಮವಾದರೂ ಹೇಗಿದೆ? ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ, ನೆಂಟರಿಷ್ಟರ ಸಲಹೆಗಳ ಗದ್ದಲದ ನಡುವೆ, ಕಾಲೇಜಿನ ಅರ್ಜಿಯನ್ನು ತುಂಬುವ ಹೊತ್ತಿಗೆ ನಿರ್ಧಾರವಾಗಿಬಿಡುತ್ತದೆ. ಆ ನಿರ್ಧಾರವಾದರೂ ಪದವಿಯೊಂದರ ಹೆಸರನ್ನು ಕುರಿತದ್ದೇ ಹೊರತು ಕೆಲಸವನ್ನು ಕುರಿತದ್ದಲ್ಲ. ಮಗು ಏನಾಗಬೇಕೆಂದು ಕೇಳುವವರು ನೂರಾರು ಮಂದಿ. ಇಪ್ಪತ್ತು ವರ್ಷಗಳ ಅನಂತರ ಬೆಳಗ್ಗೆ ಎದ್ದು ಯಾವ ಬಗೆಯ ಕೆಲಸದಲ್ಲಿ ತೊಡಗಿರಬೇಕೆಂದು ಆಸೆಪಡುತ್ತೀ ಎಂದು ಕೇಳುವವರು ವಿರಳ. ನನ್ನ ದೃಷ್ಟಿಯಲ್ಲಿ ದೀರ್ಘಕಾಲದ ಯೋಜನೆ ಆರಂಭವಾಗಬೇಕಾದುದು ಈ ಎರಡನೆಯ ಪ್ರಶ್ನೆಯಿಂದ. ಪದವಿಗಳ ಹೆಸರು ಬದಲಾಗುತ್ತವೆ, ಕೆಲವು ಅಳಿದೇ ಹೋಗುತ್ತವೆ. ರೋಗವನ್ನು ಗುರುತಿಸುವುದು, ಲೆಕ್ಕವನ್ನು ಒಪ್ಪವಾಗಿಡುವುದು, ಕಲಿಸುವುದು, ಯಂತ್ರವನ್ನು ಸರಿಪಡಿಸುವುದು ಮುಂತಾದ ಕೆಲಸಗಳು ಅಷ್ಟು ಸುಲಭವಾಗಿ ಅಳಿಯುವುದಿಲ್ಲ.

ಅಂಥ ಕೆಲಸದ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಮಳೆಗಾಲದಲ್ಲಿ ಅಡಿಕೆಕಾಯಿಯನ್ನು ಕೊಳೆಸಿ ಉದುರಿಸುವ ಕೊಳೆರೋಗಕ್ಕೆ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ಉಪಾಯವೆಂದು ನಮ್ಮವರು ನಂಬಿದ್ದ ಕಾಲದಲ್ಲಿ, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಆ ರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಧ್ಯಯನಮಾಡಿ 1910ರಲ್ಲಿ ವರದಿಯನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಸೇರಿದ ಬೋರ್ಡೋ ದ್ರಾವಣವನ್ನು ಇಂದಿಗೂ ಮಳೆ ಹಿಡಿಯುವ ಮುನ್ನ ಕೊನೆಗೌಡರು ಮರವೇರಿ ಸಿಂಪಡಿಸುತ್ತಿರುವುದು ಆ ಪರಂಪರೆಯ ಫಲ. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗಕ್ಷೇತ್ರವೂ ಸ್ಥಾಪಿತವಾಯಿತು. ಅದೇ ಬೆಳೆದು ಇಂದು ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿದೆ. ಹಳದಿ ಎಲೆಯಿಂದ ತೋಟ ಕಳೆದುಕೊಂಡ ಮನೆಯ ಹುಡುಗಿಯೊಬ್ಬಳು ಸಸ್ಯರೋಗಶಾಸ್ತ್ರವನ್ನು ತನ್ನ ಗುರಿಯಾಗಿ ಇಟ್ಟುಕೊಂಡರೆ ಅದು ಆಕಾಶಕ್ಕೆ ಏಣಿ ಹಾಕಿದಂತಲ್ಲ; ಆ ಶಾಸ್ತ್ರದ ಮೊದಲ ಪ್ರಯೋಗಶಾಲೆ ಅವಳ ಹಿತ್ತಲಿನಲ್ಲಿಯೇ ಇದೆ.

ಹಾಗೆಂದು ಒಮ್ಮೆ ಹಿಡಿದ ದಾರಿಯನ್ನು ಕೊನೆಯವರೆಗೂ ಬಿಡಬಾರದೆಂದು ನಾನು ಹೇಳುತ್ತಿಲ್ಲ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರ ಡಿಸೆಂಬರ್ 29ರಂದು ಜನಿಸಿದ ಕುವೆಂಪು ಅವರ ವಿದ್ಯಾಜೀವನ ಈ ವಿಷಯದಲ್ಲಿ ಮನನಯೋಗ್ಯವಾದುದು. ಕವಿಯಾಗಬೇಕೆಂಬ ಗುರಿ ಅವರಿಗೆ ಹದಿಹರೆಯದಲ್ಲಿಯೇ ಸ್ಪಷ್ಟವಾಗಿದ್ದಿತು. ದಾರಿ ಮಾತ್ರ ಇಂಗ್ಲಿಷಿನದಾಗಿದ್ದು, 1922ರಲ್ಲಿ ಅವರ ಮೊದಲ ಕವನಸಂಕಲನ ಆ ಭಾಷೆಯಲ್ಲಿಯೇ ಪ್ರಕಟವಾಯಿತು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು, ಮಾತೃಭಾಷೆಯಲ್ಲಿ ಬರೆಯಬೇಕೆಂದು ಬುದ್ಧಿ ಹೇಳಿದ ಮೇಲೆ ದಾರಿ ತಿರುಗಿತು, ಗುರಿ ತಿರುಗಲಿಲ್ಲ. 1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದ ಅವರು 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ಈ ನಡುವೆ 1949ರಲ್ಲಿ ‘ಶ್ರೀ ರಾಮಾಯಣ ದರ್ಶನಂ’ ಪ್ರಕಟವಾಗಿದ್ದಿತು. ಜೀವನೋಪಾಯಕ್ಕೆ ಅಧ್ಯಾಪನ, ಜೀವಿತಕ್ಕೆ ಕಾವ್ಯ ಎಂದು ಎರಡನ್ನೂ ಪರಸ್ಪರ ಪೋಷಕವಾಗಿ ಹೊಂದಿಸಿಕೊಂಡುದು ಅವರ ಯೋಜನೆಯ ಸೊಗಸು. ಗುರುಗಳೊಬ್ಬರ ನಿಷ್ಠುರವಾದ ಒಂದು ಮಾತಿಗೆ ಕಿವಿಗೊಡುವಷ್ಟು ಸಡಿಲ ಯಾವ ಯೋಜನೆಯಲ್ಲಿಯೂ ಇರತಕ್ಕದ್ದು.

ದೀರ್ಘವಾದ ವ್ಯಾಸಂಗಕ್ಕೆ ಮೆಟ್ಟಿಲುಗಳಿರಬೇಕೆಂಬುದನ್ನು ಶೃಂಗೇರಿಯ ಪಾಠಶಾಲೆಗಳು ಬಹುಕಾಲದಿಂದ ಬಲ್ಲವು. ಮೊದಲು ಕಾವ್ಯ, ಬಳಿಕ ವ್ಯಾಕರಣ ತರ್ಕಗಳ ಪ್ರವೇಶ, ಅನಂತರ ಆಯ್ದ ಶಾಸ್ತ್ರವೊಂದರಲ್ಲಿ ಹಲವು ವರ್ಷಗಳ ಪರಿಶ್ರಮ. ಕಲಿತದ್ದು ಎಷ್ಟು ಗಟ್ಟಿಯೆಂಬುದಕ್ಕೆ ವಿದ್ವಾಂಸರ ಎದುರಿನ ವಾಕ್ಯಾರ್ಥವೇ ಒರೆಗಲ್ಲು. ಮುಂದೆ ಕಾಣುವುದು ಒಂದೊಂದೇ ಮೆಟ್ಟಿಲಾದುದರಿಂದ ವಿದ್ಯಾರ್ಥಿ ದೂರಕ್ಕೆ ಅಂಜುವುದಿಲ್ಲ.

ಇನ್ನು ವ್ಯವಹಾರದ ಮಾತು. ಗುರಿ ನಿಶ್ಚಯವಾಗದವರು ಬಾಗಿಲುಗಳನ್ನು ಬೇಗನೆ ಮುಚ್ಚಿಕೊಳ್ಳದಿರುವುದು ಜಾಣತನ: ಪಿಯುಸಿಯಲ್ಲಿ ಜೀವಶಾಸ್ತ್ರವನ್ನು ಬಿಟ್ಟರೆ ವೈದ್ಯ, ತೋಟಗಾರಿಕೆಗಳೆರಡೂ ದೂರವಾಗುತ್ತವೆ, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳೊಡನೆ ಅದನ್ನೂ ಓದಿದವರಿಗೆ ಎಂಜಿನಿಯರಿಂಗೂ ಉಳಿಯುತ್ತದೆ. ಬೇಗ ಸಂಪಾದಿಸಬೇಕಾದ ಮನೆಯ ಮಕ್ಕಳು ಹತ್ತನೆಯ ತರಗತಿಯ ಮೇಲೆ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಕೆಲಸಕ್ಕೆ ಸೇರಿ, ಅನುಕೂಲವಾದಾಗ ಪ್ರವೇಶಪರೀಕ್ಷೆ ಬರೆದು ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಹೋಗಬಹುದು. ಇದನ್ನು ಕೀಳೆಂದು ಭಾವಿಸುವವರನ್ನು ಕಂಡಿದ್ದೇನೆ. ಸಾಲವಿಲ್ಲದ ಈ ಬಳಸುದಾರಿ ಸಾಲದ ನೇರದಾರಿಗಿಂತ ಎಷ್ಟೋ ಮೇಲು. ಹೆಚ್ಚಿನವರು ಮರೆಯುವ ಸಂಗತಿ ಮತ್ತೊಂದುಂಟು. ವೃತ್ತಿಶಿಕ್ಷಣದ ಸಿಇಟಿ ಸೀಟುಗಳಲ್ಲಿ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದ ಅರ್ಹರಿಗೆ ಶೇಕಡ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡ 5 ಮೀಸಲಿದೆ. ಐದನೆಯ ತರಗತಿಯಲ್ಲಿ ಮಗುವನ್ನು ಪೇಟೆಯ ಇಂಗ್ಲಿಷ್ ಶಾಲೆಗೆ ಸೇರಿಸುವ ತಂದೆತಾಯಿಗಳು, ಅದಕ್ಕೆ ಅವರದೇ ಆದ ಕಾರಣಗಳಿರಬಹುದು, ಈ ಎರಡನ್ನೂ ಬಿಟ್ಟುಕೊಡುತ್ತಿರುವೆವೆಂದು ತಿಳಿದು ಸೇರಿಸಲಿ. ಹಳ್ಳಿಯ ಶಾಲೆಯಲ್ಲಿಯೇ ಓದಿಸಿದವರು ವರ್ಗಾವಣೆ ಪತ್ರ ತರುವ ದಿನವೇ ಹತ್ತು ವರ್ಷಗಳ ವ್ಯಾಸಂಗದ ಪ್ರಮಾಣಪತ್ರಗಳನ್ನೂ ಮುಖ್ಯೋಪಾಧ್ಯಾಯರಿಂದ ಬರೆಸಿಕೊಂಡು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸಿ ಇಟ್ಟುಕೊಳ್ಳುವುದು ಲೇಸು. ಎರಡು ವರ್ಷ ಕಳೆದು ಸಿಇಟಿಯ ಗಡಿಬಿಡಿಯಲ್ಲಿ, ಅದೂ ಮಲೆನಾಡಿನ ಮಳೆಯಲ್ಲಿ, ಅದಕ್ಕಾಗಿ ಅಲೆದಾಡುವುದು ತಪ್ಪುತ್ತದೆ.