ಗಣಿ ನಿಂತಿತು, ಹೂಳು ಕೂತಿತು!

ಕರ್ಕಿ: ಮಳೆಗಾಲ ಬಂತೆಂದರೆ ಹೊನ್ನಾವರ ತಾಲೂಕಿನ ಮಂದಿ ಕೇಳುವ ಮಾತು ಒಂದೇ: 'ಲಿಂಗನಮಕ್ಕಿ ಎಷ್ಟ್ ತುಂಬ್ತು?' ನೀರು 1819 ಅಡಿಯ ಹತ್ತಿರ ಬಂದರೆ ಶರಾವತಿ ದಂಡೆಗೆ ಎಚ್ಚರಿಕೆ ಬರುತ್ತದೆ. ನೀರಿನ ಅಣೆಕಟ್ಟಿಗೆ ಈ ಲೆಕ್ಕ ಉಂಟು. ಇದೇ ಘಟ್ಟಸಾಲಿನ ದಕ್ಷಿಣಕ್ಕೆ, ಕುದುರೆಮುಖದಲ್ಲಿರುವ ಹೂಳಿನ ಅಣೆಕಟ್ಟಿಗೆ?

ಅದರ ಹೆಸರು ಲಕ್ಯಾ. ಕಬ್ಬಿಣದ ಅದಿರು ಬೇರ್ಪಡಿಸಿದ ಮೇಲೆ ಉಳಿಯುವ ನುಣ್ಣನೆಯ ಹೂಳನ್ನು ತಡೆಯಲು ಭದ್ರೆಗೆ ಸೇರುವ ಹಳ್ಳಕ್ಕೆ ಅಡ್ಡ ಕಟ್ಟಿದ್ದು. ಎತ್ತರ ಸುಮಾರು 100 ಮೀಟರ್. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಯಂತ್ರ ಸುಮ್ಮನಾಯ್ತು, ಹೂಳು ಅಲ್ಲೇ ಕೂತಿದೆ.

ನಿಂತ ಗಣಿಯಿಂದ ಏನು ಭಯ ಅನ್ನಬೇಡಿ. ಬ್ರೆಜಿಲಿನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಒಡೆದದ್ದು ಹೂಳು ತುಂಬುವುದನ್ನು ಮೊದಲೇ ನಿಲ್ಲಿಸಿದ್ದ ಕಟ್ಟೆ. 'ಭದ್ರವಾಗಿದೆ' ಎಂಬ ಸರ್ಟಿಫಿಕೇಟೂ ಇತ್ತು. ಸತ್ತವರು 270 ಮಂದಿ.

ಹೂಳಿನೊಳಗೆ ನೀರು ತುಂಬಿಕೊಂಡರೆ ಗಟ್ಟಿ ಕಂಡ ಗುಡ್ಡವೇ ಒಮ್ಮೆಗೇ ಗಂಜಿಯಂತೆ ಹರಿದೀತು. ಲಕ್ಯಾ ಹಾಗೇ ಆದೀತೆಂದಲ್ಲ. ಪರೀಕ್ಷೆ ನಿಲ್ಲಬಾರದು ಎಂಬುದಷ್ಟೇ ಪಾಠ. ಒಳಗೆ ನೀರು ಎಷ್ಟು ಏರಿದೆ? ಬುಡದಲ್ಲಿ ಒಸರುವುದು ತಿಳಿನೀರೋ, ಕೆಸರೋ? ಘಟ್ಟದ ಜಡಿಮಳೆಯನ್ನು ಕೋಡಿ ತಾಳೀತೋ? ಪ್ರತಿ ಮಳೆಗಾಲಕ್ಕೂ ಇದನ್ನು ನೋಡಲೇಬೇಕು.

ಭದ್ರೆಯ ಹಾದಿಯಲ್ಲಿ ಕಳಸ, ಬಾಳೆಹೊನ್ನೂರು, ಮುಂದೆ ಲಕ್ಕವಳ್ಳಿಯ ಜಲಾಶಯ. ಲಿಂಗನಮಕ್ಕಿಯ ಲೆಕ್ಕ ಕರ್ಕಿಯ ಚಾ ಅಂಗಡಿಗೆ ತಲುಪುವ ಹಾಗೆ, ಲಕ್ಯಾದ ಲೆಕ್ಕವೂ ಆ ಊರುಗಳ ಚಾ ಅಂಗಡಿಗೆ ತಲುಪಲಿ. ಫೈಲಿನೊಳಗಿನ ಎಚ್ಚರಿಕೆಯಿಂದ ಯಾರ ಜೀವವೂ ಉಳಿಯುವುದಿಲ್ಲ.