ಹುಬ್ಬಳ್ಳಿಯ ಮಂಡಳಿ, ಕೊಲ್ಲಾಪುರದ ರಂಗ

ಜನಪ್ರಿಯವಾದ ಪ್ರಣಯಚಿತ್ರವೊಂದನ್ನು ರಂಗಕ್ಕೆ ಅಳವಡಿಸಿ, ಅದರ ಹಾಡನ್ನೂ ಹಾಸ್ಯವನ್ನೂ ಉಳಿಸಿಕೊಂಡು, ಊರಿಂದೂರಿಗೆ ಪ್ರಯೋಗಕ್ಕೆ ಒಯ್ಯುವ ಪದ್ಧತಿ ನಮ್ಮ ಕಾಲದ ನೂತನ ಆವಿಷ್ಕಾರವೆಂದು ಭಾವಿಸುವವರುಂಟು. 1960ರಲ್ಲಿ ತೆರೆಕಂಡ ಕೆ. ಆಸಿಫರ ‘ಮುಘಲ್-ಎ-ಆಜಂ’ ಚಿತ್ರವನ್ನು 2016ರಲ್ಲಿ ಫಿರೋಜ್ ಅಬ್ಬಾಸ್ ಖಾನರು ಸಂಗೀತನಾಟಕವಾಗಿ ಮುಂಬಯಿಯ ರಂಗಕ್ಕೆ ತಂದಾಗ ಅನೇಕರಿಗೆ ಹಾಗೆ ತೋರಿದ್ದು ಸಹಜವೇ. ಆದರೆ ಆ ಚಿತ್ರದ ಮೂಲ ಇಮ್ತಿಯಾಜ್ ಅಲಿ ತಾಜರು 1922ರಲ್ಲಿ ಬರೆದ ‘ಅನಾರ್ಕಲಿ’ ಎಂಬ ನಾಟಕವೆಂಬುದನ್ನು ನೆನೆದರೆ, ಚಿತ್ರವು ರಂಗವನ್ನೇರಿತೆನ್ನುವುದಕ್ಕಿಂತ ತವರಿಗೆ ಮರಳಿತೆನ್ನುವುದೇ ಯುಕ್ತವಾದೀತು. ಈ ಹೋಗಿಬರುವ ದಾರಿ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ನಮ್ಮ ಗಡಿಗೆ ಹೊಂದಿಕೊಂಡಿರುವ ಕೊಲ್ಲಾಪುರದಲ್ಲಿ; ಅಲ್ಲಿನ ರಂಗಚರಿತ್ರೆಯಲ್ಲಿ ಕನ್ನಡನಾಡಿನ ಪಾಲು ನಾವು ಸಾಮಾನ್ಯವಾಗಿ ಎಣಿಸುವುದಕ್ಕಿಂತ ಹೆಚ್ಚಿನದು.

ಕೊಲ್ಲಾಪುರದ ಚಲಚ್ಚಿತ್ರೋದ್ಯಮ ಹುಟ್ಟಿದ್ದೇ ನಾಟಕದ ಪರದೆಗಳ ನಡುವೆ. ಆನಂದರಾವ್ ಪೇಂಟರ್ ಮತ್ತು ಬಾಬೂರಾವ್ ಪೇಂಟರ್ ಎಂಬಿಬ್ಬರು ಬಂಧುಗಳು ಸಂಗೀತನಾಟಕ ಮಂಡಳಿಗಳಿಗೆ ಅರಮನೆ, ಉದ್ಯಾನ, ಅರಣ್ಯಗಳ ದೃಶ್ಯಗಳನ್ನು ಬರೆದುಕೊಟ್ಟು ಜೀವನ ನಡೆಸುತ್ತಿದ್ದ ಕಲಾವಿದರು. ಆನಂದರಾಯರು ಅಕಾಲದಲ್ಲಿ ತೀರಿಕೊಂಡ ಬಳಿಕ ಬಾಬೂರಾಯರು ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಕಟ್ಟಿ, 1920ರಲ್ಲಿ ‘ಸೈರಂಧ್ರಿ’ಯನ್ನೂ 1925ರಲ್ಲಿ ‘ಸಾವಕಾರೀ ಪಾಶ’ವನ್ನೂ ನಿರ್ಮಿಸಿದರು. ಬಾಲ್ಯದಲ್ಲಿ ಗಂಧರ್ವ ನಾಟಕ ಮಂಡಳಿಯಲ್ಲಿದ್ದು ಆನಂತರ ಬಾಬೂರಾಯರ ಕಂಪನಿಯನ್ನು ಸೇರಿದ ವಿ. ಶಾಂತಾರಾಮರು ಸಂಗಡಿಗರೊಡನೆ 1929ರಲ್ಲಿ ಇದೇ ಊರಲ್ಲಿ ಪ್ರಭಾತ್ ಸಂಸ್ಥೆಯನ್ನು ಸ್ಥಾಪಿಸಿದರು. ಹೀಗೆ ಕೈಗಳೂ ಕಣ್ಣುಗಳೂ ನಾಟಕದವೇ ಆಗಿರಲು, ಇಂದು ರಂಗವು ಚಿತ್ರದಿಂದ ಕಥೆಯನ್ನೋ ಹಾಡನ್ನೋ ಎರವಲು ತಂದರೆ ಅದು ಹಳೆಯ ಸಾಲದ ವಸೂಲಿಯೆಂದು ತಿಳಿದರಾಯಿತು.

ಆ ರಂಗದ ಅಧಿದೈವವೆಂದು ಕೊಲ್ಲಾಪುರದವರು ಇಂದಿಗೂ ಗೌರವಿಸುವ ಕೇಶವರಾವ್ ಭೋಸಲೆಯವರು ಅಲ್ಲಿಯೇ 1890ರ ಆಗಸ್ಟ್ 9ರಂದು ಜನಿಸಿದವರು. ಬಡತನದ ಮನೆಯಿಂದ ಎಳೆಯ ವಯಸ್ಸಿನಲ್ಲೇ ಸ್ವದೇಶ ಹಿತಚಿಂತಕ ಮಂಡಳಿಯನ್ನು ಸೇರಿ, ದೇವಲರ ‘ಸಂಗೀತ ಶಾರದಾ’ ನಾಟಕದ ಶಾರದೆಯಾಗಿ ಕೀರ್ತಿ ಪಡೆದ ಈ ಬಾಲನಟ, ತಾರುಣ್ಯಕ್ಕೆ ಬಂದೊಡನೆ ಸ್ವಂತ ಮಂಡಳಿಯೊಂದನ್ನು ಕಟ್ಟಲು ಮನಸ್ಸು ಮಾಡಿದಾಗ, ಅದಕ್ಕೆ ಮುಹೂರ್ತ ಕೂಡಿಬಂದದ್ದು ಪುಣೆಯಲ್ಲಲ್ಲ, ಮುಂಬಯಿಯಲ್ಲಲ್ಲ, ನಮ್ಮ ಹುಬ್ಬಳ್ಳಿಯಲ್ಲಿ. 1908ರ ಜನವರಿ 1ರಂದು ಅಲ್ಲಿ ಸ್ಥಾಪಿತವಾದ ‘ಲಲಿತಕಲಾದರ್ಶ’ ಮರಾಠಿ ರಂಗಭೂಮಿಯ ಅತ್ಯಂತ ದೀರ್ಘಾಯುಷಿ ಮಂಡಳಿಗಳಲ್ಲೊಂದಾಗಿ, ಭೋಸಲೆಯವರ ತರುವಾಯ ಬಾಪೂರಾವ್ ಪೆಂಢಾರಕರರ, ಅವರ ತರುವಾಯ ಅವರ ಮಗ ಭಾಲಚಂದ್ರ ಪೆಂಢಾರಕರರ ಕೈಯಲ್ಲಿ ಬೆಳೆಯಿತು. ಮರಾಠಿ ಮಂಡಳಿಯೊಂದು ಹುಬ್ಬಳ್ಳಿಯಲ್ಲಿ ಹುಟ್ಟಿತೆಂದರೆ ಅಚ್ಚರಿಪಡಬೇಕಾಗಿಲ್ಲ. ಧಾರವಾಡ, ಬೆಳಗಾವಿ, ಹುಬ್ಬಳ್ಳಿಗಳ ರಸಿಕರು ಆ ಕಾಲದಲ್ಲಿ ಮರಾಠಿ ಪದಗಳನ್ನು ಬಾಯಿಪಾಠವಾಗಿ ಬಲ್ಲವರಾಗಿದ್ದರು. ಸಂಗೀತನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರರೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಆ ಮೊದಲ ನಾಟಕಗಳ ಮುದ್ರಿತ ಪ್ರತಿಗಳಲ್ಲಿ ಹಾಡಿನ ತಲೆಯ ಮೇಲೆ ಧಾಟಿಯನ್ನು ಸೂಚಿಸುವಾಗ ಕನ್ನಡ ಪದಗಳ ಹೆಸರು ಕಾಣಸಿಗುವುದನ್ನು ಕಂಡವರು, ಈ ಸಂಗೀತದ ಬೇರುಗಳು ನಮ್ಮ ಮಣ್ಣಿನಲ್ಲಿಯೂ ಇವೆಯೆಂಬುದನ್ನು ಊಹಿಸಬಲ್ಲರು.

ಸಂಗೀತ ಹಾಸ್ಯನಾಟಕವೆಂಬುದರ ಸ್ವರೂಪವನ್ನು ಅರಿಯಬಯಸುವವರಿಗೆ ‘ಮಾನಾಪಮಾನ’ಕ್ಕಿಂತ ಉತ್ತಮವಾದ ನಿದರ್ಶನ ಸಿಗಲಾರದು. ಕೃ. ಪ್ರ. ಖಾಡಿಲಕರರು ಬರೆದು, ಕೊಲ್ಲಾಪುರದ ಗೋವಿಂದರಾವ್ ಟೇಂಬೆಯವರು ಸ್ವರ ಸಂಯೋಜಿಸಿದ ಈ ನಾಟಕ 1911ರ ಮಾರ್ಚ್ 12ರಂದು ಮೊದಲು ಪ್ರಯೋಗವಾಯಿತು. ಸಿರಿವಂತರ ಮಗಳಾದ ಭಾಮಿನಿ, ಶೂರನಾದರೂ ಬಡವನೆಂಬ ಕಾರಣದಿಂದ ಸೇನಾಪತಿ ಧೈರ್ಯಧರನನ್ನು ಧಿಕ್ಕರಿಸುತ್ತಾಳೆ. ಅಪಮಾನಿತನಾದ ಅವನು ಅವಳನ್ನು ತಿರಸ್ಕರಿಸುತ್ತಾನೆ. ಬಳಿಕ ಅವಳು ವನಮಾಲೆಯೆಂಬ ಬಡ ಹುಡುಗಿಯ ವೇಷದಲ್ಲಿ ಅವನನ್ನು ಸಮೀಪಿಸಿ, ತಾನೇ ಹೂಡಿದ ಬಲೆಯಲ್ಲಿ ತಾನೇ ಸಿಲುಕುತ್ತಾಳೆ. ನಡುವೆ ಒಡವೆಗಳ ಭಾರದಿಂದ ನಡುಗುವ ಹೇಡಿ ಲಕ್ಷ್ಮೀಧರನೊಬ್ಬ ನಗೆಯ ಹೊಣೆಯನ್ನು ಹೊತ್ತಿದ್ದಾನೆ. ಕಥೆ ಇಷ್ಟೇ. ನೂರು ಚಿತ್ರಗಳು ಇದೇ ಹಂದರದ ಮೇಲೆ ಹಬ್ಬಿವೆ; ಈ ನಾಟಕವೂ ಸುಬೋಧ ಭಾವೆಯವರ ನಿರ್ದೇಶನದಲ್ಲಿ 2025ರಲ್ಲಿ ಚಿತ್ರವಾಗಿ ಬಂದಿತು.

ಕಥೆ ಅಲ್ಪವಾದುದರಿಂದಲೇ ಸಂಗೀತಕ್ಕೆ ಅವಕಾಶ ವಿಪುಲವಾಯಿತು. ಟೇಂಬೆಯವರು ಉತ್ತರದ ಠುಮರಿ, ಕಜರಿಗಳ ಮಾಧುರ್ಯವನ್ನು ರಂಗಪದಗಳೊಳಗೆ ಇಳಿಸಿದರು, ನಟನು ಗಾಯಕನಾಗಿರಲೇಬೇಕಾಯಿತು, ಪ್ರೇಕ್ಷಕನು ‘ವನ್ಸ್ ಮೋರ್’ ಎಂದು ಕೂಗಿದೊಡನೆ ಕೋಪಗೊಂಡ ಪ್ರಣಯಿಯು ತನ್ನ ಕೋಪವನ್ನು ಮತ್ತೊಮ್ಮೆ, ಬೇಡಿದರೆ ಮೂರನೆಯ ಸಲವೂ, ಹೊಸ ಆಲಾಪದೊಡನೆ ಹಾಡಿ ತೋರಿಸಬೇಕಾಯಿತು. ಕಥೆ ಅಲ್ಲಿಯೇ ನಿಂತಿತಲ್ಲ ಎಂದು ಯಾರೂ ಆಕ್ಷೇಪಿಸಲಿಲ್ಲ. ಧ್ವನಿಮುದ್ರಿತ ವಾದ್ಯವೃಂದವನ್ನು ನೆಚ್ಚಿ ಚಿತ್ರಗೀತೆಗಳನ್ನು ರಂಗಕ್ಕೆ ತರುವವರು ತಮ್ಮಷ್ಟಕ್ಕೆ ಅಂದವಾದ ಪ್ರದರ್ಶನ ಕೊಡಬಹುದು. ಆದರೆ ಯಂತ್ರವು ನುಡಿಸಿ ಮುಗಿಸಿದ ಹಾಡನ್ನು ರಸಿಕನ ಒತ್ತಾಯಕ್ಕೆ ಹಿಗ್ಗಿಸಲು ಬಾರದೆಂಬ ಕೊರತೆ, ನನ್ನ ಅಭಿಪ್ರಾಯದಲ್ಲಿ, ಸಣ್ಣದಲ್ಲ. ಆರ್ಗನ್ ಮತ್ತು ತಬಲಾದವರು ನಟನ ಮುಖ ನೋಡುತ್ತ ಕುಳಿತಿದ್ದರೇ ಈ ಪ್ರಕಾರಕ್ಕೆ ಪ್ರಾಣ.

1921ರ ಜುಲೈ 8ರಂದು ಮುಂಬಯಿಯಲ್ಲಿ, ತಿಲಕ್ ಸ್ವರಾಜ್ಯ ನಿಧಿಯ ಸಹಾಯಾರ್ಥವಾಗಿ, ಪರಸ್ಪರ ಪ್ರತಿಸ್ಪರ್ಧಿಗಳಾಗಿದ್ದ ಎರಡು ಮಂಡಳಿಗಳು ಕೂಡಿ ಇದೇ ನಾಟಕವನ್ನಾಡಿದುವು: ಗಂಧರ್ವ ನಾಟಕ ಮಂಡಳಿಯ ಬಾಲಗಂಧರ್ವರು ಭಾಮಿನಿ, ಲಲಿತಕಲಾದರ್ಶದ ಭೋಸಲೆಯವರು ಧೈರ್ಯಧರ. ಅದರ ನಂತರ ಮೂರು ತಿಂಗಳೂ ತುಂಬುವ ಮೊದಲೇ, ಅಕ್ಟೋಬರ್ 4ರಂದು, ಮೂವತ್ತೊಂದು ವರ್ಷದ ಕೇಶವರಾಯರು ವಿಷಮಜ್ವರದಿಂದ ತೀರಿಕೊಂಡರು.

ಇವರ ಹೆಸರನ್ನು ಹೊತ್ತಿರುವ ಕೊಲ್ಲಾಪುರದ ನಾಟ್ಯಗೃಹವು ಮೊದಲಿಗೆ ‘ಪ್ಯಾಲೆಸ್ ಥಿಯೇಟರ್’ ಆಗಿತ್ತು. ಛತ್ರಪತಿ ಶಾಹೂ ಮಹಾರಾಜರು ಕುಸ್ತಿಗೆಂದು ಖಾಸಬಾಗ್ ಮೈದಾನವನ್ನು ಕಟ್ಟಿಸಿ, ಅದರ ಪಕ್ಕದಲ್ಲಿಯೇ ನಾಟಕಕ್ಕೆಂದು ಇದನ್ನು ಕಟ್ಟಿಸಿ 1915ರಲ್ಲಿ ತೆರೆದರು. ಮಲ್ಲರಿಗೂ ನಟರಿಗೂ ನೆರೆಹೊರೆಯ ಮನೆ ಕೊಟ್ಟ ಈ ಅರಸನ ಔದಾರ್ಯದಲ್ಲಿ ರಸದೃಷ್ಟಿಯೂ ಇತ್ತು. ಅಲ್ಲಾದಿಯಾ ಖಾನರಂತಹ ಗಾಯಕಶ್ರೇಷ್ಠರನ್ನು ಆಸ್ಥಾನದಲ್ಲಿರಿಸಿಕೊಂಡವರೂ ಅವರೇ. ಆ ಖಾನರ ಮಗ ಮಂಜೀಖಾನರಲ್ಲಿ, ಅವರ ತರುವಾಯ ಬುರ್ಜೀಖಾನರಲ್ಲಿ, ಕಲಿತವರು ಬಾಲ್ಯದಲ್ಲಿ ನಾಟಕದಲ್ಲಿ ಬಣ್ಣ ಹಚ್ಚಿದ್ದ ನಮ್ಮ ಮಲ್ಲಿಕಾರ್ಜುನ ಮನಸೂರರು.

ಮಂಡಳಿಯ ಸಂಚಾರವೆಂದರೆ ರಾಜಧಾನಿಯೊಂದೇ ಅಲ್ಲವಷ್ಟೆ. ಪಂಚಗಂಗೆಯ ದಡದ ಇಚಲಕರಂಜಿಯಲ್ಲಿ 1904ರಲ್ಲೇ ವಿದ್ಯುತ್ ಮಗ್ಗ ಬಂದಿತು. ಜಹಗೀರುದಾರ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರ ಹೆಸರಿನ ನಾಟ್ಯಗೃಹ ಅಲ್ಲಿದೆ. ಗ್ವಾಲಿಯರ್ ಗಾಯಕಿಯನ್ನು ದಕ್ಷಿಣಕ್ಕೆ ತಂದ ಬಾಲಕೃಷ್ಣಬುವಾ ಆ ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡರು. ಹಿರಣ್ಯಕೇಶಿಯ ತೀರದ ಗಡಹಿಂಗ್ಲಜ ಇನ್ನೂ ನಮಗೆ ಹತ್ತಿರ. ಸಂಕೇಶ್ವರದಿಂದ ಹೊರಟವನು ಭಾಷೆ ಎಲ್ಲಿ ಬದಲಾಯಿತೆಂದು ತಿಳಿಯುವ ಮೊದಲೇ ಆ ಪೇಟೆಯನ್ನು ತಲುಪಿರುತ್ತಾನೆ. ಅಂಥಲ್ಲಿ ಹಾಸ್ಯದ ಮಾತು ಅರ್ಧ ತಪ್ಪಿದರೂ ಹಾಡು ತಪ್ಪದೆಂಬ ಧೈರ್ಯ ಸಂಚಾರಿ ಮಂಡಳಿಗಳಿಗೆ ಇದ್ದಿರಬೇಕು.

2024ರ ಆಗಸ್ಟ್ 8ರ ರಾತ್ರಿ, ಕೇಶವರಾಯರ ಜಯಂತಿಗೆ ಒಂದು ದಿನ ಮುಂಚೆ, ಕೊಲ್ಲಾಪುರದ ಆ ನಾಟ್ಯಗೃಹ ಬೆಂಕಿಗೆ ಆಹುತಿಯಾಯಿತು. ಮೊದಲಿನಂತೆಯೇ ಕಟ್ಟಬೇಕೆಂಬುದು ಊರವರ ಹಂಬಲ, ಪುನರ್ನಿರ್ಮಾಣವನ್ನು ಕೈಗೆತ್ತಿಕೊಳ್ಳಲಾಗಿದೆ. ಕಟ್ಟುವವರಲ್ಲಿ ರಸಿಕನೊಬ್ಬನ ಪ್ರಾರ್ಥನೆ ಸ್ವೀಕಾರ್ಯವಾಗುವುದಾದರೆ, ಧ್ವನಿವರ್ಧಕಗಳಿಗೆ ಎಷ್ಟು ಬೇಕಾದರೂ ಸ್ಥಳ ಕೊಡಲಿ. ರಂಗದ ಬದಿಯಲ್ಲಿ, ಹಾಡುವವನ ಮುಖ ಕಾಣುವಂತೆ, ಆರ್ಗನ್ನಿನವನಿಗೂ ತಬಲಾದವನಿಗೂ ಎರಡು ಆಸನಗಳನ್ನು ಮಾತ್ರ ಮರೆಯದೆ ಉಳಿಸಲಿ.