ಕಾರ್ಖಾನೆಯ ಬಾಗಿಲು

ಕಾರ್ಖಾನೆಗೆ ಬೆಂಕಿ ಬಿದ್ದು ಜನ ಸತ್ತರೆಂದು ಕೇಳಿದೊಡನೆ ನಾವು ಬೆಂಕಿಯನ್ನೇ ದೂಷಿಸುತ್ತೇವೆ. ಎಷ್ಟೋ ವೇಳೆ ಅದಕ್ಕಿಂತ ಬಾಗಿಲೇ ಹೆಚ್ಚು ಅಪರಾಧಿಯೆಂದು ನನ್ನ ಅಭಿಪ್ರಾಯ. ಚರಿತ್ರೆಯಿಂದ ಒಂದು ನಿದರ್ಶನ ಕೊಡುತ್ತೇನೆ.

ನ್ಯೂಯಾರ್ಕಿನ ಟ್ರಯಾಂಗಲ್ ಎಂಬ ಉಡುಪು ಕಾರ್ಖಾನೆಯು ಹತ್ತು ಅಂತಸ್ತಿನ ಕಟ್ಟಡವೊಂದರ ಮೇಲಿನ ಮೂರು ಅಂತಸ್ತುಗಳಲ್ಲಿತ್ತು. 1911ರ ಮಾರ್ಚ್ 25ರ ಶನಿವಾರ, ಕೆಲಸ ಬಿಡುವ ಹೊತ್ತಿಗೆ, ಎಂಟನೆಯ ಅಂತಸ್ತಿನಲ್ಲಿ ಮೇಜಿನ ಕೆಳಗೆ ಕೂಡಿದ್ದ ಬಟ್ಟೆಯ ಚಿಂದಿಗೆ ಬೆಂಕಿ ತಗುಲಿತು. ಸಡಿಲವಾದ ಚಿಂದಿಯ ನಡುವೆ ಗಾಳಿ ಧಾರಾಳವಾಗಿರುವುದರಿಂದ ಉರಿ ಬಲುಬೇಗ ಹಬ್ಬಿತು. ಒಂಬತ್ತನೆಯ ಅಂತಸ್ತಿನ ಒಂದು ಬಾಗಿಲಿಗೆ ಬೀಗ ಹಾಕಿತ್ತು. ಕೆಲಸದವರು ಏನನ್ನೂ ಕದ್ದೊಯ್ಯಬಾರದೆಂಬುದೇ ಅದರ ಉದ್ದೇಶ. ಹೊರಗಿನ ಕಬ್ಬಿಣದ ಮೆಟ್ಟಿಲು ಕುಸಿಯಿತು. ಅಗ್ನಿಶಾಮಕ ದಳದ ಏಣಿ ಆರನೆಯ ಅಂತಸ್ತಿಗಿಂತ ಮೇಲೆ ಮುಟ್ಟಲಿಲ್ಲ. 146 ಜನ ಮಡಿದರು. ಬಹುಪಾಲು ಎಳೆಯ ಹೆಂಗಸರು. ಕಟ್ಟಡ ಮಾತ್ರ ಇಂದಿಗೂ ನಿಂತಿದೆ!

ಬೀಗವಿಲ್ಲದಿದ್ದರೂ, ಕದವು ಒಳಕ್ಕೆ ತೆರೆಯುವಂತಿದ್ದರೆ ಅಪಾಯವೇ. ಹೆದರಿದ ಜನ ಅದಕ್ಕೆ ಒತ್ತಿ ನಿಂತಾಗ ಎಳೆಯಲು ಎಡೆಯಿರುವುದಿಲ್ಲ. ಹೊರಕ್ಕೆ ತೆರೆಯುವ ಕದವನ್ನಾದರೋ ಆ ನೂಕುನುಗ್ಗಲೇ ತೆರೆದುಬಿಡುತ್ತದೆ. ಆದುದರಿಂದಲೇ ನಮ್ಮ ದೇಶದ 1948ರ ಕಾರ್ಖಾನೆಗಳ ಕಾಯಿದೆಯು, ಜನ ಒಳಗಿರುವಾಗ ಬಾಗಿಲಿಗೆ ಬೀಗವಿರಕೂಡದು, ಕದಗಳು ಹೊರಕ್ಕೆ ತೆರೆಯಬೇಕು ಎಂದು ವಿಧಿಸಿತು. ಆದರೂ ಲೋಕ ಈ ಪಾಠವನ್ನು ಪೂರ್ತಿ ಕಲಿಯಲಿಲ್ಲ. 2012ರಲ್ಲಿ ಕರಾಚಿಯ ಉಡುಪು ಕಾರ್ಖಾನೆಯೊಂದು ಉರಿದು 250ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯೂ ಕಿಟಕಿಗಳಿಗೆ ಸರಳು, ಬಾಗಿಲುಗಳಿಗೆ ಬೀಗ.

ಮಿತ್ರರೇ, ನಾಳೆ ನಮ್ಮಲ್ಲಿ ಕೆಲವರಾದರೂ ಇಂತಹ ಬೀಗದ ಕೈಗಳನ್ನು ಹಿಡಿಯುವವರು. ಕಳುವಾದ ಬಟ್ಟೆಯನ್ನು ನಷ್ಟದ ಲೆಕ್ಕಕ್ಕೆ ಬರೆಯಬಹುದು. ಹೋದ ಜೀವವನ್ನು ಯಾವ ಲೆಕ್ಕಕ್ಕೆ ಬರೆಯೋಣ?